ಸದ್ದು ತೆಗೆದು ನೋಡಬೇಕಾದ ಚಿತ್ರ

ಇರ್ವಿಂಗ್ ಜಾನ್ಸನ್ ಅವರ ‘ಅರೌಂಡ್ ಕೇಪ್ ಹಾರ್ನ್’ ಮುಕ್ಕಾಲು ಗಂಟೆಯೂ ಇಲ್ಲದ ಸಾಕ್ಷ್ಯಚಿತ್ರ. ಅದರೊಳಗೆ ಎರಡು ಕಾಲಗಳಿವೆ. ದೃಶ್ಯಗಳು 1929ರ ಪಯಣದವು. ಇಪ್ಪತ್ತನಾಲ್ಕರ ಅಮೆರಿಕನ್ ಹುಡುಗ, ಹ್ಯಾಂಬರ್ಗ್‌ನಿಂದ ಚಿಲಿಗೆ ಹೊರಟ ‘ಪೆಕಿಂಗ್’ ಹಾಯಿಹಡಗಿಗೆ ಕೆಲಸಗಾರನಾಗಿ ಸೇರಿ ಕೈಕ್ಯಾಮೆರಾದಲ್ಲಿ ತೆಗೆದವು. ಮಾತು 1980ರದು. ಎಪ್ಪತ್ತು ದಾಟಿದ ಅದೇ ಮನುಷ್ಯ ತನ್ನ ಮೂಕಚಿತ್ರಕ್ಕೆ ತಾನೇ ಕೊಟ್ಟ ವಿವರಣೆ. ಚಿತ್ರದ ಗುಣವೂ ತೊಂದರೆಯೂ ಈ ಐವತ್ತು ವರ್ಷಗಳ ಅಂತರದಲ್ಲೇ ಇವೆ.

ಮೊದಲು ಗುಣ. ಹಾಯಿಹಡಗು ಎಂದರೆ ನಮಗೆ ನೆನಪಾಗುವುದು ಕ್ಯಾಲೆಂಡರಿನ ಸೂರ್ಯಾಸ್ತ. ಜಾನ್ಸನ್‌ಗೆ ಸೂರ್ಯಾಸ್ತದಲ್ಲಿ ಆಸಕ್ತಿಯಿಲ್ಲ, ಕೆಲಸದಲ್ಲಿದೆ. 1911ರಲ್ಲಿ ಕಟ್ಟಿದ, ಸುಮಾರು 115 ಮೀಟರ್ ಉದ್ದದ, ನಾಲ್ಕು ಕಂಬಗಳ ಈ ಉಕ್ಕಿನ ಹಡಗಿಗೆ ಎಂಜಿನ್ ಇರಲಿಲ್ಲ. ಕಾಲಿಗೆ ಒಂದೇ ಹಗ್ಗ, ಹೊಟ್ಟೆಗೆ ಅಡ್ಡಮರದ ಆಸರೆ. ಆ ಎತ್ತರದಲ್ಲಿ ನಿಂತು ಒದ್ದೆ ಹಾಯಿಯನ್ನು ಮಡಿಸುವವರನ್ನು ಕ್ಯಾಮೆರಾ ಬಿಡದೆ ನೋಡುತ್ತದೆ. ಹಬ್ಬಕ್ಕೆ ಹೊಸದು, ದಿನಬಳಕೆಗೆ ಹಳೆಯದು ಎನ್ನುವ ನಮ್ಮ ಮನೆಲೆಕ್ಕ ಅಲ್ಲಿ ತಿರುಗುಮುರುಗು: ಬಿರುಗಾಳಿಗೆ ಗಟ್ಟಿ ಹಾಯಿ, ಶಾಂತ ಸಮುದ್ರಕ್ಕೆ ತೇಪೆ ಹಾಕಿದ್ದು.

ಇನ್ನು ತೊಂದರೆ. ಅಲೆ ಬಂದು ಡೆಕ್ ಪೂರ್ತಿ ಮುಳುಗುವ ಹೊತ್ತಿಗೆ ವಿವರಣೆಯ ದನಿ ಖುಷಿಯಿಂದ ಕುಣಿಯುತ್ತದೆ. ಜಾನ್ಸನ್ ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿಯ ಹುಡುಗ, ಲೇಖಕ ಕ್ಲಿಫ್ಟನ್ ಜಾನ್ಸನ್ ಅವರ ಮಗ. ಊರಲ್ಲಿ ಕಂಬ ಹತ್ತಿ ಅಭ್ಯಾಸ ಮಾಡಿ, ಬಯಸಿ ಬಂದವನು. ಅವನಿಗೆ ಇದು ಸಾಹಸ. ಜೊತೆಯಲ್ಲಿದ್ದ ಜರ್ಮನ್ ಹುಡುಗರಲ್ಲಿ ಕೆಲವರಿಗೆ ಹಡಗಿನ ಅಧಿಕಾರಿಯಾಗಲು ಕಡ್ಡಾಯದ ಮೆಟ್ಟಿಲು, ಉಳಿದವರಿಗೆ ಹೊಟ್ಟೆಪಾಡು. ಇಂಥ ಹಡಗುಗಳು ಚಿಲಿಯಿಂದ ತರುತ್ತಿದ್ದುದು ನೈಟ್ರೇಟ್, ಅಂದರೆ ಯುರೋಪಿನ ಹೊಲಕ್ಕೆ ಗೊಬ್ಬರ, ಯುದ್ಧಕ್ಕೆ ಸಿಡಿಮದ್ದು. ದನಿ ಇಲ್ಲಿಗೆ ಹೋಗುವುದೇ ಇಲ್ಲ. ಹೆದರಿದವನೊಬ್ಬನ ಮುಖ ತೆರೆಯಲ್ಲಿ ಕಂಡರೂ ಆ ನಗು ನಮ್ಮ ಗಮನವನ್ನು ಅಲೆಯ ಕಡೆಗೆ ತಿರುಗಿಸುತ್ತದೆ.

ಜಾನ್ಸನ್‌ರ ಮುಂದಿನ ಬದುಕು ಗೊತ್ತಿದ್ದರೆ ಈ ನಗು ಬೇರೆಯಾಗಿ ಕೇಳಿಸುತ್ತದೆ. 1932ರಲ್ಲಿ ಅವರು ಇಲೆಕ್ಟಾ, ಅಂದರೆ ಎಕ್ಸಿಯನ್ನು ಮದುವೆಯಾದರು. ಇಬ್ಬರ ಭೇಟಿಯಾದದ್ದೂ ‘ವಾಂಡರ್ ಬರ್ಡ್’ ಎಂಬ ಹಳೆಯ ಹಾಯಿಹಡಗಿನಲ್ಲೇ. ಮರುವರ್ಷ ಡಚ್ಚರ ಹಳೆಯ ಪೈಲಟ್ ಹಡಗೊಂದನ್ನು ಕೊಂಡು, ದುರಸ್ತಿ ಮಾಡಿ ‘ಯಾಂಕಿ’ ಎಂದು ಹೆಸರಿಟ್ಟರು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಪೈಲಟ್ ಹಡಗೊಂದು ಅದೇ ಹೆಸರಿನಲ್ಲಿ ಮರುಜನ್ಮ ಪಡೆಯಿತು. 1958ರ ಹೊತ್ತಿಗೆ ಏಳು ಸಲ ಭೂಮಿ ಸುತ್ತಿದ್ದರು. ಇಬ್ಬರು ಗಂಡುಮಕ್ಕಳು ಹಡಗಿನಲ್ಲೇ ಬೆಳೆದರು.

ಪ್ರಾಜೆಕ್ಟ್ ಬಜೆಟ್ ನೋಡುವ ನನ್ನಂಥವರಿಗೆ ತಟ್ಟನೆ ಕಾಣುವ ಸಂಗತಿಯೊಂದಿದೆ. ಯಾಂಕಿಯಲ್ಲಿ ದುಡಿಯುವ ಯುವಕ ಯುವತಿಯರಿಗೆ ಸಂಬಳವಿಲ್ಲ. ಖರ್ಚಿನ ಪಾಲನ್ನು ಅವರೇ ಕೊಡಬೇಕು. ಈ ಶ್ರದ್ಧೆ ನಿಂತದ್ದು ಆ ಲೆಕ್ಕದ ಮೇಲೆ. ಜೊತೆಗೆ ಎಕ್ಸಿಯ ದುಡಿಮೆಯ ಮೇಲೆ: ಪಯಣದ ಪುಸ್ತಕಗಳಿಗೆ ಅವರು ಸಹಲೇಖಕಿ. ಆದರೂ ಈ ಕುಟುಂಬವೆಂದರೆ ಜನ ಮೊದಲು ನೆನೆಯುವುದು ಕಂಬದ ಮೇಲಿನ ಹುಡುಗನನ್ನೇ.

ಹಾಗಾದರೆ ವಾರಸುದಾರಿಕೆ ಯಾರಿಗೆ ಸೇರಿತು? ಪೆಕಿಂಗ್ ಇಂಗ್ಲೆಂಡಿನಲ್ಲಿ ತರಬೇತಿ ಹಡಗಾಯಿತು, 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನದ ವಸ್ತುವಾಯಿತು. 2017ರಲ್ಲಿ ಜರ್ಮನಿಗೆ ಮರಳಿ, ದುರಸ್ತಿಯಾಗಿ, 2020ರಲ್ಲಿ ಹ್ಯಾಂಬರ್ಗ್ ಸೇರಿತು. ಅದು ಕಟ್ಟಿಹಾಕಿದ ಹಡಗು. ಇತ್ತ ಲಾಸ್ ಏಂಜಲೀಸ್‌ನಲ್ಲಿ 2002ರಲ್ಲಿ ನೀರಿಗಿಳಿದ ಜೋಡಿ ಹಡಗುಗಳ ಹೆಸರು ‘ಇರ್ವಿಂಗ್ ಜಾನ್ಸನ್’, ‘ಎಕ್ಸಿ ಜಾನ್ಸನ್’. ಅಲ್ಲಿ ನಗರದ ಮಕ್ಕಳು ಹಗ್ಗ ಎಳೆಯುತ್ತಾರೆ. ನನ್ನ ಮಟ್ಟಿಗೆ ನಿಜವಾದ ವಾರಸು ಎರಡನೆಯದು. ಊರು ಬಿಟ್ಟು ಬಂದು ಮಕ್ಕಳಿಗೆ ಕನ್ನಡ ಉಳಿಸಿಕೊಡಲು ಹೆಣಗುವ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಷೋಕೇಸಿನಲ್ಲಿಟ್ಟದ್ದು ಉಳಿಯುತ್ತದೆ, ಆದರೆ ಅದನ್ನು ನಡೆಸಲು ಬರುವವರು ಉಳಿಯುವುದಿಲ್ಲ.

ಮುಂಬೈ ಓದುಗರಿಗೆ ಇನ್ನೊಂದು ಮಾತು. 1817ರಲ್ಲಿ ಬಾಂಬೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಕಟ್ಟಿಸಿದ ವಾಡಿಯಾ ಮನೆತನದ ಹೆಸರು ನಮಗೆ ಗೊತ್ತು. ಉಳಿ ಹಿಡಿದ ಬಡಗಿಗಳ ಹೆಸರು? ಹಡಗಿನ ಕಥೆಗಳೆಲ್ಲ ಕುಟುಂಬಗಳ ಕಥೆಗಳಾಗುವಾಗ ಇಷ್ಟು ಸೋರಿಹೋಗುತ್ತದೆ.

ಆದ್ದರಿಂದ ಚಿತ್ರವನ್ನು ಎರಡು ಸಲ ನೋಡಿ. ಮೊದಲ ಸಲ ಜಾನ್ಸನ್‌ರ ಮಾತಿನೊಂದಿಗೆ. ಅಂಥ ಕಥೆಗಾರ ಸುಲಭಕ್ಕೆ ಸಿಗುವುದಿಲ್ಲ. ಎರಡನೇ ಸಲ ಸದ್ದು ಪೂರ್ತಿ ತೆಗೆದು. ಆಗ ಅಡ್ಡಮರದ ಮೇಲೆ ಸಾಲಾಗಿ ಬಾಗಿದ ಆ ಹೆಸರಿಲ್ಲದ ಬೆನ್ನುಗಳು ಕಾಣುತ್ತವೆ. ಅವನ್ನು ಹಿಡಿದಿಟ್ಟದ್ದೂ ಅದೇ ಹುಡುಗನ ಕ್ಯಾಮೆರಾ. ಮುದುಕ ಮರೆತದ್ದನ್ನು ಹುಡುಗ ನೋಡಿದ್ದ.