ಶಸ್ತ್ರಕ್ರಿಯಾ ಕೊಠಡಿಯ ಶುದ್ಧಿ ಎಂದರೆ ಮಡಿಯೇ?

ಆಟಿ ತಿಂಗಳಲ್ಲಿ ಪಾಣೆಮಂಗಳೂರಿನಂತಹ ನೇತ್ರಾವತಿ ದಂಡೆಯ ಊರುಗಳಲ್ಲಿ ಬಟ್ಟೆ ಒಣಗುವುದಿಲ್ಲ. ಎರಡು ದಿನ ಹಗ್ಗದ ಮೇಲಿದ್ದರೂ ಮುಟ್ಟಿದರೆ ತಣ್ಣಗಿರುತ್ತದೆ. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆದರೂ ಕೆಲವು ಮನೆಗಳಲ್ಲಿ ಹಿರಿಯರು ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲೇ ಪೂಜೆಗೆ ನಿಲ್ಲುವುದನ್ನು ನೀವು ನೋಡಿರಬಹುದು. ಸಂಪ್ರದಾಯದ ಪ್ರಕಾರ ಆ ಒದ್ದೆ ಬಟ್ಟೆ ಮಡಿ. ಆದರೆ ಶಸ್ತ್ರಕ್ರಿಯಾ ಕೊಠಡಿಗೆ ಬಂದ ಬಟ್ಟೆಯ ಕಟ್ಟು ಒದ್ದೆಯಾಗಿದ್ದರೆ, ಅದು ಆಗ ತಾನೇ ಆಟೋಕ್ಲೇವ್‌ನಿಂದ ಇಳಿದದ್ದಾದರೂ, ಬಳಸುವಂತಿಲ್ಲ. ತೇವದ ಬಟ್ಟೆ ದೀಪದ ಬತ್ತಿಯಂತೆ ನೀರನ್ನು ಹೀರುತ್ತದೆ. ಆ ನೀರಿನೊಡನೆ ಹೊರಗಿನ ಸೂಕ್ಷ್ಮಜೀವಿಗಳೂ ಒಳಗೆ ಸಾಗುತ್ತವೆ.

ಈ ಒಂದು ಉದಾಹರಣೆಯನ್ನು ಮೊದಲಿಗೇ ಕೊಡಲು ಕಾರಣವಿದೆ. "ನಮ್ಮ ಹಿರಿಯರ ಮಡಿಯೇ ಇಂದಿನ ಆಪರೇಷನ್ ಥಿಯೇಟರಿನ ನಿಯಮ" ಎಂಬ ಮಾತನ್ನು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಪಾಠವನ್ನು ಸುಲಭಗೊಳಿಸಲು ಕೆಲವು ಶಿಕ್ಷಕರೂ ಈ ಹೋಲಿಕೆಯನ್ನು ಬಳಸುತ್ತಾರೆ. ಎರಡರಲ್ಲೂ ಕೈಕಾಲು ತೊಳೆಯುವುದಿದೆ, ಬೇರೆ ಉಡುಪಿದೆ, ಮುಟ್ಟಬಾರದ ವಸ್ತುಗಳಿವೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಅದರಾಚೆಗೆ ಎಳೆದರೆ ವಿದ್ಯಾರ್ಥಿಗೆ ವಿಜ್ಞಾನವೂ ತಿಳಿಯುವುದಿಲ್ಲ, ಸಂಪ್ರದಾಯವೂ ಅರ್ಥವಾಗುವುದಿಲ್ಲ.

ಪರೀಕ್ಷೆಗೆ ಒಳಪಟ್ಟ ನಿಯಮ

1847ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಬಾಣಂತಿ ನಂಜಿನ ಕಾರಣ ಹುಡುಕುತ್ತಿದ್ದ. ವೈದ್ಯ ವಿದ್ಯಾರ್ಥಿಗಳು ಕೆಲಸ ಮಾಡುವ ವಿಭಾಗದಲ್ಲಿ ಸಾವು ಹೆಚ್ಚು, ಸೂಲಗಿತ್ತಿಯರು ಕಲಿಯುವ ವಿಭಾಗದಲ್ಲಿ ಕಡಿಮೆ. ಸಾಯುತ್ತಿರುವವರಿಗೆ ಕೊನೆಯ ಸಂಸ್ಕಾರ ನೀಡಲು ಪಾದ್ರಿ ಗಂಟೆಯ ಸದ್ದಿನೊಂದಿಗೆ ಮೊದಲ ವಿಭಾಗವನ್ನು ಹಾದುಹೋಗುತ್ತಿದ್ದುದರಿಂದ ಹೆದರಿಕೆಯೇ ಕಾರಣವೇನೋ ಎಂಬ ಊಹೆ ಇತ್ತು. ಅವನು ಪಾದ್ರಿಯ ದಾರಿ ಬದಲಿಸಿದ, ಗಂಟೆ ನಿಲ್ಲಿಸಿದ. ಸಾವು ಇಳಿಯಲಿಲ್ಲ. ಆ ಊಹೆಯನ್ನು ಕೈಬಿಟ್ಟ.

ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆ ಕೋಣೆಗೆ ಬರುವವರ ಕೈಗಳ ಮೇಲೆ ಕೊನೆಗೆ ಅವನ ಗಮನ ಹರಿಯಿತು. ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್ ಹೊತ್ತಿಗೆ ಶೇಕಡ 2ರ ಆಸುಪಾಸಿಗೆ ಇಳಿಯಿತು. ಎಣಿಸಿ ನೋಡುವುದು, ತಪ್ಪಿದ್ದರೆ ಬಿಡುವುದು: ಮಡಿಗೂ ಆಸ್ಪತ್ರೆಯ ಶುದ್ಧಿಗೂ ಇರುವ ಮೊದಲ ವ್ಯತ್ಯಾಸ ಇದು.

ಹೀಗೆ ಬಿಟ್ಟ ನಿಯಮಗಳು ಇನ್ನೂ ಇವೆ. ಒಂದು ಕಾಲದಲ್ಲಿ ಶಸ್ತ್ರವೈದ್ಯರು ಹತ್ತು ನಿಮಿಷ ಬ್ರಷ್‌ನಿಂದ ಕೈ ಉಜ್ಜುತ್ತಿದ್ದರು. ಬ್ರಷ್ ಚರ್ಮವನ್ನು ಗೀರುತ್ತದೆ, ಗೀರಿದ ಚರ್ಮದಿಂದ ಇನ್ನಷ್ಟು ಬ್ಯಾಕ್ಟೀರಿಯಾಗಳು ಉದುರುತ್ತವೆ ಎಂದು ತಿಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಬ್ರಷ್ ಬೇಡವೆಂದಿತು. ಶಸ್ತ್ರಕ್ರಿಯೆಗೆ ಮುನ್ನ ರೋಗಿಯ ಕೂದಲನ್ನು ಕ್ಷೌರ ಮಾಡುವುದು ಎಷ್ಟೋ ವರ್ಷ ನಡೆದು ಬಂದ ಪದ್ಧತಿ. ಕ್ಷೌರದ ಕತ್ತಿ ಮಾಡುವ ಸಣ್ಣ ಗಾಯಗಳಲ್ಲೇ ಸೋಂಕು ಬೇರೂರುವುದರಿಂದ ಅದೂ ಈಗ ತಪ್ಪು. ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್‌ನಿಂದ ಕತ್ತರಿಸಬೇಕು.

ಉಡುಪು, ಕೈಗವಸು ಮತ್ತು ಚಪ್ಪಲಿ

ಉಡುಪಿನ ಕಥೆಯೂ ಪೂರ್ತಿಯಾಗಿ ಶುದ್ಧಿಯ ಕಥೆಯಲ್ಲ. ಅಮೆರಿಕದ ಹಾಲ್‌ಸ್ಟೆಡ್ 1890ರ ಸುಮಾರಿಗೆ ತೆಳು ರಬ್ಬರ್ ಕೈಗವಸು ಮಾಡಿಸಿದ್ದು ರೋಗಿಗಾಗಿ ಅಲ್ಲ; ಕ್ರಿಮಿನಾಶಕ ದ್ರಾವಣದಿಂದ ತನ್ನ ನರ್ಸ್‌ನ ಕೈ ಕೆಡುತ್ತಿದ್ದುದನ್ನು ತಪ್ಪಿಸಲು. ಹಸಿರು ಬಟ್ಟೆ ಬಂದದ್ದು ಕಣ್ಣಿನ ಅನುಕೂಲಕ್ಕಾಗಿ. ಪ್ರಖರ ದೀಪದಡಿ ಬಿಳಿ ಬಟ್ಟೆ ಕಣ್ಣು ಕುಕ್ಕುತ್ತದೆ; ಕೆಂಪನ್ನು ಬಹಳ ಹೊತ್ತು ನೋಡಿದ ಕಣ್ಣಿಗೆ ಬಿಳಿಯ ಮೇಲೆ ಹಸಿರು ಛಾಯೆ ಕಾಣುತ್ತದೆ. ಬಣ್ಣಕ್ಕೂ ಸೂಕ್ಷ್ಮಜೀವಿಗೂ ಸಂಬಂಧವಿಲ್ಲ.

ಕೈಗವಸು ಹಾಕಿದರೆ ಕೈ ತೊಳೆಯಬೇಕಾಗಿಲ್ಲ ಎಂಬ ನಂಬಿಕೆ ಅಪಾಯಕಾರಿ. ಕಣ್ಣಿಗೆ ಕಾಣದ ತೂತು ಗವಸಿನಲ್ಲಿ ಇರಬಹುದು. ಒಳಗಿನ ಬೆವರು ಮತ್ತು ಬಿಸುಪಿನಲ್ಲಿ ಚರ್ಮದ ಬ್ಯಾಕ್ಟೀರಿಯಾಗಳು ವೃದ್ಧಿಸುತ್ತವೆ. ಆದ್ದರಿಂದ ಹಾಕುವ ಮೊದಲೂ ತೆಗೆದ ಮೇಲೂ ಕೈ ಶುದ್ಧಿ ಬೇಕು.

ಇನ್ನು ಚಪ್ಪಲಿ. ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರು ಚಪ್ಪಲಿ ಹೊರಗೆ ಬಿಡುತ್ತಾರೆ, ಆದರೆ ಕೈ ತೊಳೆದಿರಾ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಚಪ್ಪಲಿ ಬಿಡುವುದರಿಂದ ನೆಲ ಚೊಕ್ಕಟವಾಗಿರುತ್ತದೆ ನಿಜ. ಆದರೆ ಗಾಯಕ್ಕೆ ಸೋಂಕು ಮುಖ್ಯವಾಗಿ ನೆಲದಿಂದ ಹತ್ತುವುದಿಲ್ಲ. ರೋಗಿಯ ಚರ್ಮದಿಂದ, ಆರೈಕೆ ಮಾಡುವವರ ಕೈಯಿಂದ, ಉಪಕರಣದಿಂದ ಹತ್ತುತ್ತದೆ. ಕಾರಣ ಮರೆತು ಆಚರಣೆಯನ್ನಷ್ಟೇ ಉಳಿಸಿಕೊಂಡರೆ ಆಸ್ಪತ್ರೆಯಲ್ಲೂ ಮಡಿಯೇ ಉಳಿಯುತ್ತದೆ.

ತೊಳೆಯುವವರ ಕೆಲಸ

ಎರಡನೆಯ ವ್ಯತ್ಯಾಸ ಇನ್ನೂ ಗಂಭೀರ. ಮಡಿ ಕೇಳುವುದು ಯಾರು ಮುಟ್ಟಿದರು ಎಂದು. ಆ ಪ್ರಶ್ನೆಯಿಂದ ನಮ್ಮ ಸಮಾಜದಲ್ಲಿ ಎಷ್ಟು ಮಂದಿ ಬಾವಿಯ ನೀರಿನಿಂದಲೂ ದೂರ ಉಳಿಯಬೇಕಾಯಿತೆಂಬುದನ್ನು ಶಿಕ್ಷಕರು ಮರೆಯಬಾರದು. ಸೂಕ್ಷ್ಮಜೀವಿ ವಿಜ್ಞಾನ ಕೇಳುವುದು ಮುಟ್ಟಿದ ಕೈಯ ಮೇಲೆ ಏನಿತ್ತು ಎಂದು. ವಿಯೆನ್ನಾದಲ್ಲಿ ಸಾವನ್ನು ಹೊತ್ತು ತಂದ ಕೈಗಳು ಗೌರವಾನ್ವಿತ ವೈದ್ಯರವು.

ಮಡಿಯ ವ್ಯವಸ್ಥೆಯಲ್ಲಿ ರಕ್ತದ ಕಲೆ ತೊಳೆಯುವವರ ಸ್ಥಾನ ಕೆಳಗೆ. ಶಸ್ತ್ರಕ್ರಿಯೆಯಲ್ಲಿ ಅವರ ಕೆಲಸ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಬಳಸಿದ ಕತ್ತರಿ, ಚಿಮುಟಗಳ ಮೇಲೆ ರಕ್ತ ಒಣಗಲು ಬಿಡಬಾರದು. ಉಪ್ಪುನೀರಿನಲ್ಲಿ ನೆನೆಸಬಾರದು, ಅದರ ಕ್ಲೋರೈಡು ತುಕ್ಕು ಹಿಡಿಯದ ಉಕ್ಕನ್ನೂ ಕೊರೆಯುತ್ತದೆ. ಕೀಲುಗಳನ್ನು ಬಿಡಿಸಿ, ಪ್ರೋಟೀನನ್ನು ಕರಗಿಸುವ ಕಿಣ್ವ ಬೆರೆಸಿದ ಮಾರ್ಜಕದಲ್ಲಿ ನೆನೆಸಿ, ನೀರಿನ ಮಟ್ಟದ ಕೆಳಗೆ ಬ್ರಷ್‌ನಿಂದ ಉಜ್ಜಬೇಕು. ಮೇಲೆ ಉಜ್ಜಿದರೆ ಹನಿಗಳು ಮುಖಕ್ಕೆ ಸಿಡಿಯುತ್ತವೆ. ಅನಂತರ ಜಾಲಿಸಿ, ಒಣಗಿಸಿ, ಹಲ್ಲುಗಳ ಸಂದಿಯನ್ನು ಬೆಳಕಿನಲ್ಲಿ ನೋಡಿ, ಕೀಲು ತೆರೆದಿಟ್ಟೇ ಕಟ್ಟಬೇಕು. ಒಣಗಿದ ರಕ್ತದ ಪೊರೆಯಡಿ ಸೂಕ್ಷ್ಮಜೀವಿ ಅವಿತರೆ ಹಬೆ ಅದನ್ನು ಮುಟ್ಟಲಾರದು.

ಕುದಿಸಿದರೆ ಸಾಕು ಎಂಬುದೂ ಸರಿಯಲ್ಲ. ಧನುರ್ವಾಯುವಿನ ಬ್ಯಾಕ್ಟೀರಿಯಾದಂತಹವು ಬೀಜಾಣುಗಳನ್ನು ರಚಿಸಿಕೊಳ್ಳುತ್ತವೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿದರೂ ಬೀಜಾಣುಗಳು ಉಳಿಯಬಲ್ಲವು. ಒತ್ತಡದ ಹಬೆ 121 ಡಿಗ್ರಿಗೆ ಏರುತ್ತದೆ. ಸಾಮಾನ್ಯ ಆಟೋಕ್ಲೇವ್‌ನಲ್ಲಿ ಬಟ್ಟೆ ಸುತ್ತಿದ ಉಪಕರಣಗಳಿಗೆ ಸುಮಾರು 30 ನಿಮಿಷ ಬೇಕು. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು ಸರಿಯಾಗಿದ್ದರೂ ಉಷ್ಣತೆ ಏರಿರುವುದಿಲ್ಲ. ಕಟ್ಟಿನ ಮೇಲಿನ ಅಂಟುಪಟ್ಟಿಯ ಗೆರೆ ಕಪ್ಪಾದರೆ ಕಟ್ಟು ಬಿಸಿಗೆ ಒಡ್ಡಿಕೊಂಡಿದೆ ಎಂದಷ್ಟೇ ಅರ್ಥ. ನಿಜವಾದ ಪರೀಕ್ಷೆಗೆ, ಶಾಖವನ್ನು ತಾಳುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನೇ ಒಳಗಿಟ್ಟು, ಅವು ಸತ್ತವೇ ಎಂದು ನೋಡುತ್ತಾರೆ.

ಮುಚ್ಚಿದ ಸೀಸೆ

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಒಂದೇ ದಿನ ಪೊರೆಯ ಶಸ್ತ್ರಕ್ರಿಯೆಯಾದ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಕಣ್ಣಿನ ಸೋಂಕು ತಗಲಿ ಹಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಕ್ರಿಯೆಯಲ್ಲಿ ಕಣ್ಣೊಳಗೆ ಹಾಕಿದ ಲೋಳೆಯಂತಹ ದ್ರವದಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಇತ್ತೆಂದು ಪ್ರಯೋಗಾಲಯದ ವರದಿ ತಿಳಿಸಿತು. ಮುಟ್ಟಿನ ಲೆಕ್ಕದಲ್ಲಿ ಆ ದ್ರವ ಮಡಿಯೇ: ಮುಚ್ಚಿದ ಸೀಸೆ, ಯಾರ ಕೈಯೂ ಸೋಕಿಲ್ಲ. ದೋಷವನ್ನು ಹಿಡಿದದ್ದು ಪರೀಕ್ಷೆ. ಅದು ಶಸ್ತ್ರಕ್ರಿಯೆಯ ಮೊದಲೇ ಆಗಿದ್ದರೆ ಆ ಕಣ್ಣುಗಳು ಉಳಿಯುತ್ತಿದ್ದವು.

ತರಗತಿಯಲ್ಲಿ

ಹೋಲಿಕೆಯ ಬದಲು ಎರಡು ಪ್ರಯೋಗಗಳನ್ನು ಮಾಡಿಸಿ. ವಿದ್ಯಾರ್ಥಿಗಳ ಕೈಗೆ ಅರಸಿನ ಪುಡಿ ಬೆರೆಸಿದ ಎಣ್ಣೆ ಹಚ್ಚಿ, ಕಣ್ಣು ಕಟ್ಟಿ, ಸಾಬೂನಿನಿಂದ ತೊಳೆಯಲು ಹೇಳಿ. ಹೆಬ್ಬೆರಳು, ಬೆರಳ ತುದಿ ಮತ್ತು ಉಗುರಿನ ಬದಿಯಲ್ಲಿ ಹಳದಿ ಎಷ್ಟು ಉಳಿದಿದೆ ನೋಡಿ. 40ರಿಂದ 60 ಸೆಕೆಂಡ್ ಏಕೆ ಬೇಕೆಂದು ಅವರಿಗೇ ತಿಳಿಯುತ್ತದೆ.

ಎರಡನೆಯದು: ಬೈಹುಲ್ಲು ನೆನೆಸಿದ ನೀರನ್ನು ಸೋಸಿ ಎರಡು ಗಾಜಿನ ಕುಪ್ಪಿಗಳಿಗೆ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಿ. ಒಂದನ್ನು ಹತ್ತು ನಿಮಿಷ ಕುದಿಸಿ. ಇನ್ನೊಂದನ್ನು ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ. ಎರಡು ಮೂರು ದಿನಗಳ ಮೇಲೆ ಯಾವುದು ಕದಡಿದೆ ಎಂದು ನೋಡಿ. ಕುಪ್ಪಿಗಳನ್ನು ತೆರೆಯಬಾರದು, ಎಸೆಯುವ ಮುನ್ನ ಎರಡನ್ನೂ ಮತ್ತೊಮ್ಮೆ ಕುಕ್ಕರಿನಲ್ಲಿ ಬೇಯಿಸಬೇಕು.

ಅಜ್ಜಿಯ ಮಡಿ ಸೀರೆಯನ್ನು ಗೇಲಿ ಮಾಡಬೇಕಾಗಿಲ್ಲ. ಅದು ಅವರ ಭಕ್ತಿಯ ವಿಷಯ. ಆದರೆ ಅಜ್ಜಿಗೆ ಕಣ್ಣಿನ ಶಸ್ತ್ರಕ್ರಿಯೆ ಮಾಡಿಸಲು ಕರೆದೊಯ್ದಾಗ, ಔಷಧದ ತೊಟ್ಟು ಹಾಕುವ ಮೊದಲು ನಿಮ್ಮ ಕೈ ತೊಳೆದುಕೊಳ್ಳಿ; ವಾರ್ಡಿನ ನಲ್ಲಿಯ ಬಳಿ ಸಾಬೂನು ಇಲ್ಲದಿದ್ದರೆ ಕೇಳಿ. ಆ ಪ್ರಶ್ನೆ ಕೇಳುವ ವಿದ್ಯಾರ್ಥಿಯೇ ಈ ಪಾಠವನ್ನು ಕಲಿತವನು.