ಹಳ್ಳಿಯ ಪಾದ್ರಿಯ ಉಪದೇಶ: ವಿಮರ್ಶೆಯ ಅಳತೆಗೋಲು

ಆಂಗ್ಲಿಕನ್ ಚರ್ಚಿನ ಉಪದೇಶಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಅಚ್ಚಾದ ಸಂಪುಟಗಳನ್ನೇ ಆಧರಿಸಿ ನಡೆದಿದೆ. ಲಾನ್ಸಿಲಟ್ ಆಂಡ್ರೂಸ್, ಜಾನ್ ಡನ್ ಮೊದಲಾದವರ ಪ್ರಖ್ಯಾತ ಉಪದೇಶಗಳು ರಾಜಸಭೆಯಲ್ಲಿಯೋ ನಗರದ ಮಹಾಮಂದಿರಗಳಲ್ಲಿಯೋ ನಡೆದಂಥವು. ಅವುಗಳಿಂದ ಪಡೆದ ಅಳತೆಗೋಲಿನಿಂದಲೇ ಹಳ್ಳಿಯ ಪಾದ್ರಿಯ ಮಾತನ್ನೂ ಅಳೆಯುವುದು ನ್ಯಾಯವಲ್ಲವೆಂದು ನಮ್ಮ ಮತ.

ಈ ವಿಷಯದಲ್ಲಿ ಜಾರ್ಜ್ ಹರ್ಬರ್ಟನ ಸಾಕ್ಷ್ಯ ಅತ್ಯಂತ ಬೆಲೆಯುಳ್ಳದ್ದು. ಈತ 1630ರಿಂದ 1633ರಲ್ಲಿ ತೀರಿಕೊಳ್ಳುವವರೆಗೆ ಸಾಲ್ಸ್‌ಬರಿಯ ಸಮೀಪದ ಬೆಮರ್ಟನ್ನಿನಲ್ಲಿ ಪಾದ್ರಿಯಾಗಿದ್ದನು. ಹಳ್ಳಿಯ ಪಾದ್ರಿಯ ಕರ್ತವ್ಯಗಳನ್ನು ಕುರಿತ ಅವನ ಗದ್ಯಗ್ರಂಥ 1652ರಲ್ಲಿ ಅಚ್ಚಾಯಿತು. ಉಪದೇಶ ಒಂದು ಗಂಟೆಯನ್ನು ಮೀರಬಾರದು. ಬರಿಯ ಬೋಧೆಗಿಂತ ಕಥೆಗಳೂ ನಾಣ್ಣುಡಿಗಳೂ ಜನರ ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ. ಮೂಲವಾಕ್ಯವನ್ನು ನುಚ್ಚುನೂರಾಗಿ ಒಡೆಯುವ ಪಾಂಡಿತ್ಯಕ್ಕಿಂತ ಅದರ ಅರ್ಥವನ್ನು ತಿಳಿಯಾಗಿ ಹೇಳುವುದು ಮೇಲು ಎಂಬುದು ಅವನ ನಿಲುವು. ಪಾದ್ರಿಗೆ ಬೇಸಾಯ, ಪಶುಪಾಲನೆಗಳ ತಿಳಿವೂ ಇರಬೇಕೆಂದು ಅವನು ವಿಧಿಸುತ್ತಾನೆ. ಮಾತನಾಡುವಾಗ ಕಿರಿಯರು, ಹಿರಿಯರು, ಬಡವರು, ಬಲ್ಲಿದರು ಎಂದು ಒಂದೊಂದು ಗುಂಪಿನ ಕಡೆಗೂ ತಿರುಗಬೇಕಂತೆ. ಇಲ್ಲಿ ಉಪದೇಶದ ಗುಣವನ್ನು ನಿರ್ಣಯಿಸುವವನು ಶ್ರೋತೃವೇ ಹೊರತು ಓದುಗನಲ್ಲ. ಆದರೆ ಹರ್ಬರ್ಟನ ಉಪದೇಶಗಳಲ್ಲಿ ಒಂದೂ ಉಳಿದುಬಂದಿಲ್ಲ. ಈ ಕಲೆಯ ಲಕ್ಷಣವನ್ನು ಬರೆದವನ ಲಕ್ಷ್ಯವೇ ನಮ್ಮ ಪಾಲಿಗೆ ಇಲ್ಲವಾಗಿದೆ.

ಇನ್ನು ಸ್ವಂತಿಕೆಯ ಪ್ರಶ್ನೆ. 1547ರಲ್ಲಿ 12 ಉಪದೇಶಗಳ ಅಧಿಕೃತ ಸಂಪುಟವೊಂದು ಹೊರಬಂದಿತು. ಉಪದೇಶ ಮಾಡಲು ಪರವಾನಗಿ ಇಲ್ಲದ ಪಾದ್ರಿಗಳು ಅವನ್ನೇ ಓದಿ ಹೇಳಬೇಕಾಗಿತ್ತು. 1711ರ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಅಡಿಸನ್ ಚಿತ್ರಿಸಿದ ಸರ್ ರಾಜರ್, ಅಚ್ಚಾದ ಒಳ್ಳೆಯ ಉಪದೇಶಗಳನ್ನೆಲ್ಲ ತನ್ನ ಪಾದ್ರಿಗೆ ಕೊಟ್ಟು, ಭಾನುವಾರಕ್ಕೊಂದರಂತೆ ಅವನ್ನು ಒಪ್ಪಿಸಬೇಕೆಂದು ಕೇಳುತ್ತಾನೆ. ಅಡಿಸನ್ ಇದನ್ನು ಹಳಿಯುವುದಿಲ್ಲ, ಮೆಚ್ಚುತ್ತಾನೆ. ಯಾರ್ಕ್‌ಷೈರಿನ ಸಟನ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ಲಾರೆನ್ಸ್ ಸ್ಟರ್ನ್ 1760ರಲ್ಲಿ 'ಯಾರಿಕ್' ಎಂಬ ಹೆಸರಿನಿಂದ ಪ್ರಕಟಿಸಿದ ಉಪದೇಶಗಳಲ್ಲಿಯೂ ಪೂರ್ವಿಕರಿಂದ ಎತ್ತಿಕೊಂಡ ಭಾಗಗಳುಂಟೆಂದು ವಿದ್ವಾಂಸರು ತೋರಿಸಿದ್ದಾರೆ. ಕಾದಂಬರಿಯಲ್ಲಿ ದೋಷವೆನಿಸುವ ಎರವಲು ವೇದಿಕೆಯ ಮೇಲೆ ರೂಢಿಯೇ ಆಗಿದ್ದಿತು.

ಹಾಗಾದರೆ ಗಿಳಿಪಾಠವೂ ಒಳ್ಳೆಯ ಉಪದೇಶವೇ ಎಂಬ ಆಕ್ಷೇಪ ಏಳಬಹುದು. ಅದಕ್ಕೆ ಹರ್ಬರ್ಟನಲ್ಲಿಯೇ ಸಮಾಧಾನವಿದೆ. ಮಾತು ಯಾರದೇ ಆಗಿರಲಿ, ಎದುರಿಗೆ ಕುಳಿತವರ ಬಾಳನ್ನು ಅರಿತು ಅದನ್ನು ಅವರ ಕಡೆಗೆ ತಿರುಗಿಸಬಲ್ಲವನು ಉಪದೇಶಕ. ತಿರುಗಿಸಲಾರದವನು ಕೇವಲ ವಾಚಕ. ಆದರೆ ಈ ತಿರುಗುವಿಕೆಯೇ ಅಚ್ಚಿಗೆ ಸಿಕ್ಕದ ಅಂಶ. ಆದುದರಿಂದ ಉಳಿದ ಪುಸ್ತಕಗಳ ಚರಿತ್ರೆಯನ್ನೇ ಉಪದೇಶದ ಚರಿತ್ರೆಯೆಂದು ನಮ್ಮ ವಿದ್ಯಾರ್ಥಿಗಳು ಭ್ರಮಿಸಬಾರದು. ಅಚ್ಚಾದ ಉಪದೇಶವನ್ನು ಓದುವಾಗಲೆಲ್ಲ ಇದನ್ನು ಕೇಳಿದವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಹಾಕಿಕೊಳ್ಳುವುದು ವಿಮರ್ಶಕನ ಕರ್ತವ್ಯ.