ಆಯುಧಸಂಗ್ರಹವೂ ಆಗಮವಿಚಾರವೂ: ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯನ್ನು ಕುರಿತ ವಿಮರ್ಶೆ

ಕೌಟಿಲ್ಯನ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಆಯುಧಾಗಾರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಪ್ರಕರಣವೊಂದುಂಟು. ಆಯುಧಗಳಿಗೆ ಆಗಾಗ ಗಾಳಿ ಬಿಸಿಲುಗಳನ್ನು ತೋರಿಸಬೇಕೆಂಬ ವಿಧಿ ಅಲ್ಲಿದೆ. ಒಂದೊಂದನ್ನೂ ಯಾವ ಯಾವ ಬಗೆಯಿಂದ ಅರಿತಿರಬೇಕೆಂಬ ವಿಧಿಯೂ ಅಲ್ಲಿದೆ. ಆಯುಧದ ಜಾತಿ, ಆಕಾರ, ಅಳತೆ ಮುಂತಾದುವು ಕಣ್ಣಿಗೆ ಕಾಣತಕ್ಕವು. ಆದರೆ ಅವುಗಳ ಜೊತೆಗೆ ಗ್ರಂಥಕಾರನು ಎಣಿಸುವ 'ಆಗಮ'ವು ಕಣ್ಣಿಗೆ ಕಾಣತಕ್ಕದ್ದಲ್ಲ. ಆಗಮವೆಂದರೆ ಇಲ್ಲಿ ವೇದಶಾಸ್ತ್ರಗಳಲ್ಲ; ಆ ವಸ್ತುವು ಎಲ್ಲಿಂದ ಬಂದಿತು, ಹೇಗೆ ಬಂದಿತು ಎಂಬ ವೃತ್ತಾಂತ. 1905 ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909 ರಲ್ಲಿ ಅಚ್ಚಾದ ಈ ಗ್ರಂಥದ ರಾಜನೀತಿಭಾಗವನ್ನು ಕನ್ನಡ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆಯುಧಾಗಾರದ ಬಾಗಿಲನ್ನು ತೆರೆದು ನೋಡಿದವರು ವಿರಳ.

ಈಗಿನ ಕಾಲದಲ್ಲಿ ಈ ಆಗಮವಿಚಾರವನ್ನು ಚಾಚೂ ತಪ್ಪದೆ ಪಾಲಿಸುತ್ತಿರುವವರು ಯಾರೆಂದು ಹುಡುಕಿದರೆ, ಪಂಡಿತವರ್ಗವು ಎಂದೂ ಗಣನೆಗೆ ತಂದುಕೊಳ್ಳದ ಒಂದು ಸಮುದಾಯವು ಸಿಕ್ಕುತ್ತದೆ. ಐರೋಪ್ಯ ಮತ್ತು ಅಮೆರಿಕ ದೇಶಗಳಲ್ಲಿ ಅರ್ಧಸ್ವಯಂಚಾಲಿತ ಪಿಸ್ತೂಲುಗಳ ಮೊದಮೊದಲಿನ ಮಾದರಿಗಳನ್ನು ಕೂಡಿಡುವವರೇ ಅವರು. ಗುಂಡು ಹಾರಿದಾಗ ಹುಟ್ಟುವ ಬಲದಿಂದಲೇ ಖಾಲಿಯಾದ ತೋಟಾವನ್ನು ಹೊರಕ್ಕೆಸೆದು ಮತ್ತೊಂದನ್ನು ತಾನಾಗಿ ತುಂಬಿಕೊಳ್ಳುವುದು ಈ ಪಿಸ್ತೂಲುಗಳ ಲಕ್ಷಣ. ಆದರೂ ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುವುದರಿಂದ 'ಅರ್ಧ' ಎಂಬ ವಿಶೇಷಣವು ಸೇರಿದೆ. ಅಗ್ನಿಪುರಾಣದ ಧನುರ್ವೇದಭಾಗವು ಹೇಳುವ ಐದು ವರ್ಗಗಳಲ್ಲಿ ಇವನ್ನು ಯಂತ್ರಮುಕ್ತಗಳೆನ್ನಬಹುದು. ಇಷ್ಟರಿಂದಲೇ ನಮ್ಮ ಪೂರ್ವಿಕರಿಗೆ ಪಿಸ್ತೂಲು ತಿಳಿದಿತ್ತೆಂದು ಸಾಧಿಸಹೊರಡುವವರಿದ್ದರೆ ಅವರ ಉತ್ಸಾಹಕ್ಕೆ ಉತ್ತರವಿಲ್ಲ.

1893 ರಲ್ಲಿ ಬರ್ಲಿನ್ನಿನಿಂದ ಹೊರಬಂದ ಬೋರ್ಖಾರ್ಟನ ಪಿಸ್ತೂಲು, 1900 ರಲ್ಲಿ ಸ್ವಿಸ್ ಸೈನ್ಯವು ಸ್ವೀಕರಿಸಿದ ಲ್ಯೂಗರನ ಪಿಸ್ತೂಲು, ಅದೇ ವರ್ಷದ ಬ್ರೌನಿಂಗನ ಬೆಲ್ಜಿಯಂ ಮಾದರಿ ಇವೆಲ್ಲವೂ ಈ ಸಂಗ್ರಹಕಾರರಿಗೆ ಪ್ರಿಯವೇ. ಆದರೆ ಪಾಠಾಂತರಗಳ ದೃಷ್ಟಿಯಿಂದ ಅತ್ಯಂತ ಸಮೃದ್ಧವಾದದ್ದು ಜರ್ಮನಿಯ ಓಬರ್ನ್‌ಡಾರ್ಫಿನಲ್ಲಿ ತಯಾರಾದ 1896 ರ ಮೌಸರ್ ಪಿಸ್ತೂಲು. ಬೆಂಗಳೂರಿನ ದಂಡಿನಲ್ಲಿ 1896 ರಿಂದ ಕೆಲಕಾಲ ಇದ್ದ ವಿನ್‌ಸ್ಟನ್ ಚರ್ಚಿಲ್ 1898 ರ ಓಂದುರ್ಮಾನ್ ಯುದ್ಧದಲ್ಲಿ ಹಿಡಿದದ್ದು ಇದನ್ನೇ. ಇದರ ಸುತ್ತಿಗೆಯು ಮೊದಲು ಶಂಕುವಿನ ಆಕಾರದ್ದಾಗಿದ್ದು, ಬಳಿಕ ದೊಡ್ಡ ಬಳೆಯಂತೆಯೂ ಆಮೇಲೆ ಚಿಕ್ಕ ಬಳೆಯಂತೆಯೂ ಮಾರ್ಪಟ್ಟಿತು. ಸಂಗ್ರಹಕಾರನು ಈ ಭೇದಗಳನ್ನು ಗುರುತಿಸಿ ತೃಪ್ತನಾಗುವುದಿಲ್ಲ. ಅಂಗಾಂಗಗಳ ಮೇಲೆ ಒತ್ತಿದ ಅಂಕಿಗಳು ಒಂದಕ್ಕೊಂದು ಸರಿಹೊಂದುವುವೇ, ಮರದ ಒರೆಯ ಅಂಕಿಯೂ ಅದೇ ಆಗಿದೆಯೇ, ವೆಸ್ಟ್ಲಿ ರಿಚರ್ಡ್ಸ್ ಎಂಬ ಇಂಗ್ಲೆಂಡಿನ ವರ್ತಕರ ಹೆಸರು ಮೇಲಿದೆಯೇ ಎಂದು ಸೋಸಿ ನೋಡುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯಕ್ಕಾಗಿ ಮಾಡಿದವುಗಳ ಹಿಡಿಯಲ್ಲಿ, ತೋಟಾಗಳು ಅದಲುಬದಲಾಗದಿರಲೆಂದು ಕೊರೆದು ಕೆಂಪು ಬಣ್ಣ ತುಂಬಿದ ಒಂಬತ್ತರ ಅಂಕಿಯೂ ಹೀಗೆಯೇ ಸಾಕ್ಷಿ ನುಡಿಯುತ್ತದೆ. ಉಜ್ಜಿ ಹೊಸದಾಗಿ ಹೊಳಪು ಕೊಟ್ಟ ಪಿಸ್ತೂಲಿಗೆ ಈ ಜನರಲ್ಲಿ ಬೆಲೆ ಕಡಮೆ. ಲಿಪಿಕಾರನು ತಿದ್ದಿದ ಓಲೆಯನ್ನು ಸಂಪಾದಕನು ಶಂಕಿಸುವಂತೆಯೇ ಇದು.

ಬರಿಯ ಆಕಾರವನ್ನು ನಂಬಿದವನು ಕೆಡುತ್ತಾನೆಂಬುದಕ್ಕೆ ಇಲ್ಲಿಯೇ ದೃಷ್ಟಾಂತವುಂಟು. ಸ್ಪೇನ್ ದೇಶದಲ್ಲಿ 1927 ರಿಂದ ತಯಾರಾದ ಆಸ್ಟ್ರಾ ಪಿಸ್ತೂಲು ಹೊರನೋಟಕ್ಕೆ ಮೌಸರನ್ನೇ ಹೋಲುತ್ತದೆ. ಒಳಗಿನ ರಚನೆಯೇ ಬೇರೆ. ಎರಡನ್ನೂ ಗೋಡೆಗೆ ತೂಗುಹಾಕಿದರೆ ಅಪರಿಚಿತನಿಗೆ ಅವು ಒಂದೇ ಗ್ರಂಥದ ಎರಡು ಪ್ರತಿಗಳಂತೆ ಕಂಡಾವು.

ನಮ್ಮ ದೇಶದಲ್ಲಿ ಇಂಥ ಸಂಗ್ರಹಕ್ಕೆ ಅವಕಾಶ ಅತ್ಯಲ್ಪ. 1959 ರ ಆಯುಧ ಕಾನೂನಿಗೆ 2019 ರಲ್ಲಿ ಬಂದ ತಿದ್ದುಪಡಿಯಿಂದ, ಸಾಮಾನ್ಯ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಗುಂಡಿನ ಆಯುಧಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದಿದೆ. ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದ ಹಳೆಯ ಆಯುಧಗಳಿಗೆ ಮಾತ್ರ ವಿನಾಯಿತಿಯುಂಟು. ಇದಕ್ಕಾಗಿ ಮರುಗಬೇಕಾದ ಕಾರಣವಿಲ್ಲ. ಏಕೆಂದರೆ ಪಿಸ್ತೂಲಿಗಿಂತ ಸಾವಿರಾರು ವರ್ಷ ಹಿಂದಿನ 'ಮೊದಲ ಮಾದರಿ'ಗಳು ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನ ಹೊಲಗಳಲ್ಲಿಯೇ ಬಿದ್ದಿವೆ. ಭಾರತದಲ್ಲಿ ನವಶಿಲಾಯುಗದ ಆಯುಧಸಂಗ್ರಹದ ಕಥೆಯು ಆರಂಭವಾಗುವುದೇ ಲಿಂಗಸುಗೂರಿನಲ್ಲಿ. 1842 ರಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಎಂಬವರು ಅಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡು ಆಯ್ದುಕೊಂಡರು. ತರುವಾಯ ಭೂವಿಜ್ಞಾನಿಯಾದ ರಾಬರ್ಟ್ ಬ್ರೂಸ್ ಫೂಟರು ಈ ಸೀಮೆಯನ್ನು ಸುತ್ತಿ ಕೂಡಿಸಿದ ಕಲ್ಗೊಡಲಿ ಮೊದಲಾದುವು ಅವರ ಉಳಿದ ಸಂಗ್ರಹದೊಡನೆ 1904 ರಲ್ಲಿ ಮದರಾಸು ಸರ್ಕಾರದ ವಸ್ತುಸಂಗ್ರಹಾಲಯಕ್ಕೆ ಸೇರಿದುವು.

ಫೂಟರು ತೀರಿಕೊಂಡ ಮೇಲೆ 1914 ಮತ್ತು 1916 ರಲ್ಲಿ ಹೊರಬಂದ ಅವರ ಸೂಚಿಯನ್ನು ವಿಮರ್ಶಕನು ಗೌರವದಿಂದಲೇ ಓದಬೇಕು. ಒಂದೊಂದು ವಸ್ತುವಿಗೂ ಸಂಖ್ಯೆ, ಸಂಖ್ಯೆಗಳಿಗೆಲ್ಲ ಊರಿನ ಹೆಸರು: ಕೌಟಿಲ್ಯನು ಹೇಳಿದ ಆಗಮದ ಅರ್ಧಭಾಗವು ಇಲ್ಲಿ ಸಿದ್ಧವಾಗಿದೆ. ಉಳಿದರ್ಧವೆಂದರೆ ಮಣ್ಣಿನ ಸ್ತರ. ನೆಲದ ಮೇಲೆ ಆಯ್ದುದಕ್ಕೆ ಸ್ತರವೆಲ್ಲಿಯದು? ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಮಸ್ಕಿಯಲ್ಲಿ 1954 ರಲ್ಲಿ ಬಿ. ಕೆ. ಥಾಪರರು ನಡೆಸಿದ ಉತ್ಖನನ. ಕಲ್ಲಿನ ಸಣ್ಣ ಅಲಗುಗಳನ್ನು ಬಳಸಿದವರ ಸ್ತರವು ಕೆಳಗೆ, ಕಬ್ಬಿಣದ ಆಯುಧಗಳನ್ನು ಹೆಣದೊಡನೆ ಇಟ್ಟು ಬೃಹತ್ ಶಿಲೆಗಳ ಗೋರಿ ಕಟ್ಟಿದವರ ಸ್ತರವು ಅದರ ಮೇಲೆ, ಅನಂತರ ಚಾರಿತ್ರಿಕ ಕಾಲದವು ಎಂಬ ಕ್ರಮವು ಅಲ್ಲಿ ಸ್ಪಷ್ಟವಾಯಿತು. ಕಲ್ಗೊಡಲಿಯನ್ನು ಕಂಡೊಡನೆಯೇ ಕಬ್ಬಿಣವಿಲ್ಲದ ಕಾಲದ್ದೆಂದು ತೀರ್ಪು ಕೊಡುವ ಅಭ್ಯಾಸವು ನಮ್ಮ ಪಠ್ಯಪುಸ್ತಕಗಳಲ್ಲಿ ಉಂಟಷ್ಟೆ. 1947 ರಲ್ಲಿ ವೀಲರರು ಅಗೆಸಿದ ಬ್ರಹ್ಮಗಿರಿಯಲ್ಲಿ ಕಬ್ಬಿಣದವರು ಬಂದ ಮೇಲೆಯೂ ಕೆಲಕಾಲ ಕಲ್ಗೊಡಲಿಯು ಉಳಿದಿದ್ದುದು ಕಂಡುಬಂದಿದೆ. ಆಸ್ಟ್ರಾ ಮೌಸರುಗಳ ವಿಷಯದಲ್ಲಿ ಹೊರನೋಟವು ಜಾತಿಯನ್ನು ಮರೆಮಾಡುವಂತೆ ಇಲ್ಲಿ ಕಾಲವನ್ನು ಮರೆಮಾಡುತ್ತದೆ.

ಎರಡಕ್ಕೂ ಇರುವ ಮುಖ್ಯವಾದ ಭೇದವಿಷ್ಟೆ: ಪಿಸ್ತೂಲು ತನ್ನ ಪುಷ್ಪಿಕೆಯನ್ನು ತನ್ನ ಮೈಮೇಲೆಯೇ ಹೊತ್ತಿದೆ. ಕಲ್ಗೊಡಲಿಗೆ ಅಂಕಿಯಿಲ್ಲ, ಮುದ್ರೆಯಿಲ್ಲ. ಅದು ಬಿದ್ದಿದ್ದ ನೆಲವೇ ಅದರ ಪುಷ್ಪಿಕೆ. ಎತ್ತಿದವನು ಊರನ್ನೂ ಹೊಲವನ್ನೂ ಬರೆದಿಡದಿದ್ದರೆ ಓಲೆಕಟ್ಟಿನ ಕೊನೆಯ ಗರಿಯನ್ನು ಕಿತ್ತೆಸೆದಂತೆಯೇ ಸರಿ. ಮಸ್ಕಿಯ ಬಂಡೆಯನ್ನು ನೋಡಿರಿ. 1915 ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಕಂಡು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಸಂಪಾದಿಸಿದ ಆ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೇ ಇದೆ. ಆ ಬಂಡೆಯು ಅಲುಗದೆ ತನ್ನೆಡೆಯಲ್ಲಿಯೇ ಉಳಿದುದರಿಂದ ಮೌರ್ಯರ ಆಳ್ವಿಕೆಯ ಮೇರೆಯನ್ನು ಕುರಿತ ಚರ್ಚೆಗೂ ಅದು ಆಧಾರವಾಯಿತು. ಹೆಸರುಳ್ಳ ಬಂಡೆಗೂ ನೆಲೆಯು ಇಷ್ಟು ಉಪಕಾರ ಮಾಡುವಾಗ ಹೆಸರಿಲ್ಲದ ಕೊಡಲಿಯ ಪಾಡೇನು?

ಸಿಂಧನೂರಿನ ವಿಷಯವು ಇಲ್ಲಿಯೇ ಬರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯು ಬಂದ ಬಳಿಕ ಜೋಳದ ಎರೆಹೊಲಗಳು ಗದ್ದೆಗಳಾದುವು; ಗದ್ದೆಯೆಂದರೆ ನೆಲವನ್ನು ಮಟ್ಟಮಾಡಲೇಬೇಕು. ಬೆಳೆದು ಉಣ್ಣುವವರನ್ನು ಇದಕ್ಕಾಗಿ ದೂಷಿಸುವುದು ಅವಿವೇಕ. ಆದರೆ ಹೀಗೆ ಮಟ್ಟಮಾಡುವಾಗ ದಿಬ್ಬದ ಮಣ್ಣು ತಗ್ಗಿಗೆ ಹೋಗಿ, ಅದರೊಳಗಿನ ಕಲ್ಲೂ ಬೇರೆ ಹೊಲದ್ದಾಗಿಬಿಡುತ್ತದೆ. ಆಗ ದೊರೆತ ಕೊಡಲಿಯ ಆಕಾರ ಕೆಡಲಿಲ್ಲ, ಅಳತೆ ಕೆಡಲಿಲ್ಲ, ಆಗಮವು ಕೆಟ್ಟಿತು. ಅದನ್ನು ತೊಳೆದು ಎಣ್ಣೆ ಹಚ್ಚಿ ಬೀರುವಿನಲ್ಲಿ ಇಟ್ಟು 'ಪ್ರಾಚೀನ ಆಯುಧ, ರಾಯಚೂರು ಜಿಲ್ಲೆ' ಎಂದು ಚೀಟಿ ಅಂಟಿಸುವುದು ಸಂಗ್ರಹವೆನಿಸಲಾರದು.

ಸಾಹಿತ್ಯದ ಅಧ್ಯಾಪಕರು ಇದು ತಮ್ಮ ಕೆಲಸವಲ್ಲವೆಂದು ತಿಳಿಯಬಾರದು. ಫೂಟರ ಸೂಚಿಯಲ್ಲಿ ಈ ಸೀಮೆಯ ಊರುಗಳ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಅಡಗಿವೆ. ಆಗ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು; 1905 ರಲ್ಲಿ ಆ ಜಿಲ್ಲೆಯು ಅಳಿಯಿತು, 1956 ರಲ್ಲಿ ರಾಜ್ಯವೇ ಬದಲಾಯಿತು, ಈಚೆಗೆ ಮಸ್ಕಿಯು ಬೇರೆ ತಾಲ್ಲೂಕಾಯಿತು. ಶಾಸನಗಳ ಮೊಸಂಗಿಯೇ ಇಂದಿನ ಮಸ್ಕಿಯೆಂದು ಗುರುತಿಸಿದಂತೆ, ಸೂಚಿಯ ಒಂದೊಂದು ಊರನ್ನೂ ಆಡುಮಾತಿನ ಉಚ್ಚಾರಣೆಯಿಂದ ಗುರುತಿಸಿ ಕನ್ನಡದಲ್ಲಿ ಪಟ್ಟಿಮಾಡುವ ಕೆಲಸಕ್ಕೆ ಭಾಷೆಯನ್ನು ಬಲ್ಲವರೇ ಬೇಕು. ಈ ಪಟ್ಟಿಯು ಸಿದ್ಧವಾದ ಪಕ್ಷದಲ್ಲಿ, ಸಿಂಧನೂರಿನ ವಿದ್ಯಾರ್ಥಿಯು ತನ್ನ ಊರಿನ ಕಲ್ಗೊಡಲಿಯು ಇಂದು ಚೆನ್ನೈಯ ಎಗ್ಮೋರಿನಲ್ಲಿ ಯಾವ ಸಂಖ್ಯೆಯ ಕೆಳಗಿದೆಯೆಂಬುದನ್ನು ಹುಡುಕಬಲ್ಲನು; ನಾಳೆ ಗದ್ದೆಯಲ್ಲಿ ಇನ್ನೊಂದು ದೊರೆತರೆ, ಊರು, ಸರ್ವೆ ನಂಬರು, ಆಳ, ದಿನ ಇವನ್ನು ಮಣ್ಣು ತೊಳೆಯುವುದಕ್ಕೆ ಮುಂಚೆಯೇ ಬರೆದಿಡಬಲ್ಲನು.